ಬಂಪರಿನ ಬಾಯಿಗೆ ಜಾಲರಿ: ಕಾರಿನ ಕಂಡೆನ್ಸರ್ ಕಾಯುವ ಮೆಶ್ ಕೂರಿಸುವ ಸಮಗ್ರ ಮಾರ್ಗದರ್ಶಿ

ಕಾರಿನ ಮುಂದಿನ ಬಂಪರಿನ ಕೆಳಭಾಗದಲ್ಲಿ ಅಗಲವಾದ ಬಾಯಿ ಇರುತ್ತದಲ್ಲ, ಅದರ ಮುಂದೆ ಕೂತು ಟಾರ್ಚ್ ಹಾಕಿ ಒಳಗೆ ನೋಡಿ. ತೆಳ್ಳನೆಯ ರೆಕ್ಕೆಗಳ ಸಾಲೊಂದು ಹೊಳೆಯುತ್ತದೆ. ಅದು ಎ.ಸಿ.ಯ ಗ್ಯಾಸನ್ನು ತಣಿಸುವ ಕಂಡೆನ್ಸರ್, ಅದರ ಬೆನ್ನಿಗೇ ಎಂಜಿನ್ನನ್ನು ತಣಿಸುವ ರೇಡಿಯೇಟರ್. ಕಂಡೆನ್ಸರಿನ ಅಡ್ಡ ಕೊಳವೆಗಳು ಅಲ್ಯೂಮಿನಿಯಂನವು, ಅವುಗಳ ಗೋಡೆ ಒಂದು ಮಿ.ಮೀ.ಗಿಂತಲೂ ತೆಳು. ತುಮಕೂರು ರಸ್ತೆಯಲ್ಲೋ ಹೊಸೂರು ರಸ್ತೆಯಲ್ಲೋ ಜಲ್ಲಿ ತುಂಬಿದ ಟಿಪ್ಪರಿನ ಹಿಂದೆ ಹೋಗುವಾಗ ಹಾರಿ ಬರುವ ಒಂದೇ ಕಲ್ಲು ಅದನ್ನು ತೂತು ಮಾಡಬಲ್ಲದು. ಗ್ಯಾಸ್ ಪೂರ್ತಿ ಸೋರಿಹೋಗುತ್ತದೆ, ತೂತು ಮುಚ್ಚಿಸಿದರೂ ಹೆಚ್ಚು ದಿನ ನಿಲ್ಲುವುದು ಅಪರೂಪ, ಕೊನೆಗೆ ಕಂಡೆನ್ಸರನ್ನೇ ಬದಲಿಸಬೇಕಾಗುತ್ತದೆ. ಬಹಳಷ್ಟು ಕಾರುಗಳಲ್ಲಿ ಕಂಪನಿಯ ಗ್ರಿಲ್ ಪಟ್ಟಿಗಳ ನಡುವೆ ಹೆಬ್ಬೆರಳು ತೂರುವಷ್ಟು ಜಾಗ ಇರುತ್ತದೆ. ಆ ಜಾಗಕ್ಕೆ ಹಿಂದಿನಿಂದ ಒಂದು ಜಾಲರಿ ಕೊಟ್ಟರೆ ಕಲ್ಲು ಅಲ್ಲೇ ನಿಲ್ಲುತ್ತದೆ.

ಜಾಲರಿ ಕಲ್ಲನ್ನು ತಡೆಯಬೇಕು, ಗಾಳಿಯನ್ನು ತಡೆಯಬಾರದು. ಮುಂದಿನ ಪ್ರತಿ ಹಂತದಲ್ಲೂ, ತೂತಿನ ಅಳತೆಯಿಂದ ಹಿಡಿದು ಬಣ್ಣದ ದಪ್ಪದವರೆಗೆ, ಈ ಎರಡನ್ನೂ ತೂಗಿ ನೋಡಬೇಕು.

ಇಲಿಕಾಟ ತಪ್ಪಿಸಲೆಂದು ಜಾಲರಿ ಹಾಕಿಸುವವರು ಬೆಂಗಳೂರಿನಲ್ಲಿ ಬಹಳ ಜನ. ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ ಕಾರು ನಿಲ್ಲಿಸುವವರಿಗೆ ಆ ಕಾಟ ಎಷ್ಟೆಂದು ಗೊತ್ತು. ಆದರೆ ಇಲಿ ಹೆಚ್ಚಾಗಿ ಒಳಗೆ ಹೋಗುವುದು ಎಂಜಿನ್ನಿನ ತಳದಿಂದ ಮತ್ತು ಚಕ್ರದ ಗೂಡಿನ ಸಂದುಗಳಿಂದ. ಬಂಪರಿನ ಬಾಯಿಯನ್ನು ಮಾತ್ರ ಮುಚ್ಚಿದರೆ ಅದು ನಿಲ್ಲುವುದಿಲ್ಲ. ಅದಕ್ಕೆ ತಳದ ಕವರ್, ವೈರಿಗೆ ಕವಚ ಎಲ್ಲ ಬೇಕು, ಅದು ಬೇರೆಯದೇ ಕೆಲಸ.

ಕೈ ಹಾಕುವ ಮುಂಚೆ

ನಾಲ್ಕು ವಿಷಯ ನೋಡಿಕೊಳ್ಳಿ. ಮೊದಲನೆಯದು ರೇಡಾರ್. ತಾನೇ ಬ್ರೇಕ್ ಹಾಕುವ, ಮುಂದಿನ ವಾಹನದಿಂದ ಅಂತರ ಕಾಯ್ದುಕೊಳ್ಳುವ ಸೌಲಭ್ಯವಿರುವ ಕಾರುಗಳಲ್ಲಿ ರೇಡಾರ್ ಘಟಕ ಸಾಮಾನ್ಯವಾಗಿ ಕೆಳಗಿನ ಗ್ರಿಲ್ಲಿನ ನಡುವೆ ಅಥವಾ ಲೋಗೋದ ಹಿಂದೆ ಇರುತ್ತದೆ. 77 ಗಿಗಾಹರ್ಟ್ಸ್‌ನಲ್ಲಿ ಕೆಲಸ ಮಾಡುವ ಈ ರೇಡಾರಿನ ತರಂಗದ ಉದ್ದ ಸುಮಾರು 4 ಮಿ.ಮೀ. ಮಾತ್ರ. ಅದರ ಮುಂದೆ ಲೋಹದ ಜಾಲರಿ ಬಂದರೆ ತರಂಗ ಚದುರಿ ಅಳತೆ ತಪ್ಪುತ್ತದೆ. ಅಂಥ ಕಾರಿನಲ್ಲಿ ರೇಡಾರಿನ ಮುಂದಿನ ಭಾಗವನ್ನು ಪೂರ್ತಿ ಬಿಟ್ಟು, ಎಡಬಲಕ್ಕೆ ಮಾತ್ರ ಜಾಲರಿ ಹಾಕಿ. ಹಾಗೆ ಬಿಡಲು ಜಾಗ ಸಾಲದಿದ್ದರೆ ಜಾಲರಿಯ ಯೋಚನೆಯನ್ನೇ ಕೈಬಿಡಿ.

ಎರಡನೆಯದು ಟೋಯಿಂಗ್ ಕೊಂಡಿಯ ಜಾಗ. ಬಂಪರಿನ ಒಂದು ಬದಿಯಲ್ಲಿ ಚಿಕ್ಕ ಚೌಕದ ಮುಚ್ಚಳ ಇರುತ್ತದೆ, ಅದನ್ನು ತೆಗೆದು ಕೊಂಡಿ ತಿರುಗಿಸಬೇಕು. ಕೆಲವು ಕಾರುಗಳಲ್ಲಿ ಆ ತೂತು ಗ್ರಿಲ್ಲಿನ ಬಾಯಿಯೊಳಗೇ ಇರುತ್ತದೆ. ಜಾಲರಿ ಅದಕ್ಕೆ ಅಡ್ಡ ಬಂದರೆ, ಮಳೆಗಾಲದಲ್ಲಿ ಅಂಡರ್‌ಪಾಸಿನ ನೀರಿನಲ್ಲಿ ಕಾರು ನಿಂತ ದಿನ ಎಳೆಯಲು ಆಗುವುದಿಲ್ಲ.

ಮೂರನೆಯದು, ಗ್ರಿಲ್ಲಿನ ಹಿಂದೆ ತಾನೇ ತೆರೆದು ಮುಚ್ಚುವ ಪಟ್ಟಿಗಳಿವೆಯೇ ಎಂಬುದು. ಇದ್ದರೆ ಅವು ತಿರುಗಲು ಬೇಕಾದ ಜಾಗಕ್ಕೆ ಜಾಲರಿ ತಾಗಕೂಡದು.

ನಾಲ್ಕನೆಯದು ಕಾನೂನು. ಬಂಪರಿನ ಹೊರಗೆ ಚಾಚಿಕೊಳ್ಳುವ ಕ್ರ್ಯಾಶ್ ಗಾರ್ಡ್, ಬುಲ್ ಬಾರ್‌ಗಳ ವಿರುದ್ಧ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಉಲ್ಲೇಖಿಸಿ ಕ್ರಮ ಕೈಗೊಳ್ಳುವಂತೆ ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರಿನಲ್ಲಿ ರಾಜ್ಯಗಳಿಗೆ ಬರೆದಿತ್ತು. ಒಳಗಡೆ ಕೂರುವ ಜಾಲರಿ ಆ ಬಗೆಯದಲ್ಲ. ಆದರೂ ಹೊರಮೈಯಿಂದ ಏನೂ ಚಾಚದಂತೆ, ನಂಬರ್ ಪ್ಲೇಟಿಗೆ ಅಡ್ಡ ಬಾರದಂತೆ ನೋಡಿಕೊಳ್ಳಿ. ಕಾರು ವಾರಂಟಿಯಲ್ಲಿದ್ದರೆ ಸರ್ವಿಸ್ ಸೆಂಟರಿನಲ್ಲಿ ಒಂದು ಮಾತು ಕೇಳಿಕೊಳ್ಳುವುದು ಒಳ್ಳೆಯದು.

ಯಾವ ಜಾಲರಿ

ಅಂಗಡಿಯಲ್ಲಿ ಸಿಗುವುದು ಮುಖ್ಯವಾಗಿ ಮೂರು ಬಗೆ.

ಅಲ್ಯೂಮಿನಿಯಂನ ಹಿಗ್ಗಿಸಿದ ಜಾಲರಿಯನ್ನು ಒಂದೇ ತಗಡಿಗೆ ಸೀಳು ಕೊಟ್ಟು ಎಳೆದು ಮಾಡಿರುತ್ತಾರೆ. ತೂತು ವಜ್ರಾಕಾರ ಅಥವಾ ಜೇನುಗೂಡಿನ ಆಕಾರ. ಬೆಂಗಳೂರಿನ ಜೆ.ಸಿ. ರಸ್ತೆಯ ಕಾರ್ ಆಕ್ಸೆಸರಿ ಅಂಗಡಿಗಳಲ್ಲಿ ಕಪ್ಪು ಬಣ್ಣ ಹಾಕಿದ, ಸುಮಾರು 100 ಸೆಂ.ಮೀ. ಉದ್ದ 33 ಸೆಂ.ಮೀ. ಅಗಲದ ಹಾಳೆಯಾಗಿ ಸಿಗುತ್ತದೆ. ಒಂದೇ ತಗಡಾದ್ದರಿಂದ ಎಲ್ಲಿ ಕತ್ತರಿಸಿದರೂ ಎಳೆ ಬಿಚ್ಚುವುದಿಲ್ಲ, ಕೈಯಲ್ಲೇ ಬಾಗುತ್ತದೆ, ತುಕ್ಕು ಹಿಡಿಯುವುದಿಲ್ಲ. ಮೊದಲ ಸಲ ಮಾಡುವವರಿಗೆ ಇದೇ ಸರಿ. ದೊಡ್ಡ ಕಲ್ಲು ಜೋರಾಗಿ ಬಡಿದರೆ ತಗ್ಗು ಬೀಳುತ್ತದೆ ಎಂಬುದೊಂದೇ ಕೊರತೆ.

ಸ್ಟೇನ್‌ಲೆಸ್ ಸ್ಟೀಲ್ ನೇಯ್ಗೆ ಜಾಲರಿಯನ್ನು ಹಾರ್ಡ್‌ವೇರ್ ಅಂಗಡಿಯಲ್ಲಿ ‘ಎಸ್‌ಎಸ್ ಜಾಲಿ’ ಎಂದು ಕೇಳಬೇಕು. ಎಸ್.ಜೆ.ಪಿ. ರಸ್ತೆಯ ಕಡೆ ಸುರುಳಿಯಿಂದ ಬೇಕಾದಷ್ಟು ಕತ್ತರಿಸಿ ಕೊಡುತ್ತಾರೆ. ಗಟ್ಟಿತನದಲ್ಲಿ ಇದಕ್ಕೆ ಸಾಟಿಯಿಲ್ಲ. ಆದರೆ ಕತ್ತರಿಸಿದ ಅಂಚಿನಲ್ಲಿ ತಂತಿ ಸಡಿಲವಾಗಿ ಉದುರುತ್ತದೆ, ಬಾಗಿಸಿದರೆ ಮತ್ತೆ ಹಿಂದಕ್ಕೆ ಚಿಮ್ಮುತ್ತದೆ. ಕರಾವಳಿಯ ಕಡೆ ಆಗಾಗ ಓಡಾಡುವವರು 304 ದರ್ಜೆಯನ್ನೇ ಕೇಳಿ ತೆಗೆದುಕೊಳ್ಳಿ. ಅಯಸ್ಕಾಂತ ಹಿಡಿದು ಪರೀಕ್ಷಿಸಿದರೆ ಮೋಸಹೋಗಬಹುದು, ತಂತಿಯಾಗಿ ಎಳೆದಾಗ ಅಸಲಿ 304 ಕೂಡ ಸ್ವಲ್ಪ ಅಂಟುತ್ತದೆ.

ಮೂರನೆಯದು ಗಿಡಕ್ಕೆ, ಕೋಳಿಗೂಡಿಗೆ ಬಳಸುವ ಜಿ.ಐ. ವೆಲ್ಡ್ ಮೆಶ್. ಅಗ್ಗ, ಆದರೆ ಬೇಡ. ಕತ್ತರಿಸಿದ ತುದಿಗಳಲ್ಲಿ ಸತುವಿನ ಲೇಪ ಇರುವುದಿಲ್ಲ, ಒಂದು ಮಳೆಗಾಲಕ್ಕೆ ಅಲ್ಲೆಲ್ಲ ತುಕ್ಕಿನ ಗೆರೆ ಇಳಿಯುತ್ತದೆ. ಪ್ಲಾಸ್ಟಿಕ್ ಜೇನುಗೂಡು ಜಾಲರಿಯೂ ಸಿಗುತ್ತದೆ, ಅದು ಅಂದಕ್ಕಷ್ಟೇ.

ಇನ್ನು ತೂತಿನ ಲೆಕ್ಕ. ಹೆಚ್ಚಿನ ತಪ್ಪುಗಳು ಆಗುವುದು ಇಲ್ಲೇ. ನೇಯ್ಗೆ ಜಾಲರಿಯನ್ನು ಮೆಶ್ ನಂಬರಿನಲ್ಲಿ ಹೇಳುತ್ತಾರೆ, ಅಂದರೆ ಒಂದು ಇಂಚಿಗೆ ಎಷ್ಟು ತೂತು ಎಂದು. 4 ಮೆಶ್, 1 ಮಿ.ಮೀ. ತಂತಿ ಎಂದರೆ ಒಂದು ತಂತಿಯ ಮಧ್ಯದಿಂದ ಮುಂದಿನದರ ಮಧ್ಯಕ್ಕೆ 6.35 ಮಿ.ಮೀ., ತೂತು 5.35 ಮಿ.ಮೀ. ತೂತನ್ನು ಈ ಅಂತರದಿಂದ ಭಾಗಿಸಿ ವರ್ಗ ಮಾಡಿದರೆ ತೆರೆದ ಜಾಗ ಸಿಗುತ್ತದೆ: ಸುಮಾರು 71 ಶೇಕಡ. 20 ಮೆಶ್, 0.4 ಮಿ.ಮೀ. ತಂತಿಯಾದರೆ ಅದು 47 ಶೇಕಡಕ್ಕೆ ಇಳಿಯುತ್ತದೆ. ಕಂಪನಿಯ ಗ್ರಿಲ್ ಪಟ್ಟಿಗಳು ಬಾಯಿಯ ಒಂದು ಪಾಲನ್ನು ಮೊದಲೇ ಮುಚ್ಚಿರುತ್ತವೆ ಎಂಬುದನ್ನು ಮರೆಯಬೇಡಿ. ಉಳಿದ ಜಾಗದಲ್ಲಿ ಮತ್ತೆ ಅರ್ಧ ಹೋದರೆ ರೇಡಿಯೇಟರಿಗೆ ಗಾಳಿ ಎಲ್ಲಿಂದ ಬರಬೇಕು?

ಶೇಕಡಾವಾರು ಲೆಕ್ಕವೊಂದನ್ನೇ ನೋಡಿದರೂ ಸಾಲದು. ಸೊಳ್ಳೆ ಪರದೆಯ ಜಾಲರಿ ತೆಳು ತಂತಿಯದು, ಲೆಕ್ಕ ಹಾಕಿದರೆ ತೆರೆದ ಜಾಗ ಚೆನ್ನಾಗಿಯೇ ಬರುತ್ತದೆ. ಆದರೆ ಅಷ್ಟು ಚಿಕ್ಕ ತೂತಿನಲ್ಲಿ ರಾತ್ರಿಯ ಹೆದ್ದಾರಿಯ ಹುಳ, ಧೂಳು ಕೂತು ಬೇಗ ಕಟ್ಟಿಕೊಳ್ಳುತ್ತದೆ. ಮಳೆಯಲ್ಲಿ ನೀರು ತೂತಿನಿಂದ ಇಳಿಯದೆ ಪೊರೆಯಂತೆ ನಿಂತುಬಿಡುತ್ತದೆ. ಆದ್ದರಿಂದ ನೇಯ್ಗೆ ಜಾಲರಿಯಾದರೆ 4ರಿಂದ 6 ಮಿ.ಮೀ. ತೂತು, ಹಿಗ್ಗಿಸಿದ ಜಾಲರಿಯಾದರೆ ವಜ್ರದ ಕಿರಿದಾದ ಅಳತೆ 6ರಿಂದ 8 ಮಿ.ಮೀ. ಇಟ್ಟುಕೊಳ್ಳಿ. ಸಣ್ಣ ಹರಳು ಅದರಲ್ಲಿ ತೂರಬಹುದು ನಿಜ. ಕೊಳವೆ ಒಡೆಯುವಷ್ಟು ತೂಕದ ಕಲ್ಲು ತೂರುವುದಿಲ್ಲ.

ಬೇಕಾದ ಸಾಮಾನು

ಸಾಧಾರಣ ಹ್ಯಾಚ್‌ಬ್ಯಾಕಿನ ಕೆಳಗಿನ ಬಾಯಿ ಮೀಟರಿನ ಆಸುಪಾಸು ಅಗಲ, 15 ಸೆಂ.ಮೀ.ನಷ್ಟು ಎತ್ತರ ಇರುತ್ತದೆ. ಸುತ್ತಳತೆ ಹೆಚ್ಚುಕಡಿಮೆ 230 ಸೆಂ.ಮೀ. ಹಾಳೆ ಕೊಳ್ಳುವ ಮುಂಚೆ ನಿಮ್ಮ ಕಾರಿನ ಬಾಯಿ ಅಳೆಯಿರಿ. ಅಂಚಿನ ಮಡಿಕೆ ಸೇರಿದರೆ 100 ಸೆಂ.ಮೀ. ಹಾಳೆ ಕೆಲವು ಕಾರುಗಳಿಗೆ ಸಾಲುವುದಿಲ್ಲ, ಆಗ 120 ಸೆಂ.ಮೀ.ಯದು ಬೇಕು.

ಕಪ್ಪು ಕೇಬಲ್ ಟೈ, ಅಂದರೆ ಟ್ಯಾಗ್, 3.6 ಮಿ.ಮೀ. ಅಗಲ 200 ಮಿ.ಮೀ. ಉದ್ದದ್ದು ಒಂದು ಪ್ಯಾಕೆಟ್ ತಂದಿಡಿ; 25ರಿಂದ 30 ಖರ್ಚಾಗುತ್ತವೆ. ಬಿಳಿ ಟ್ಯಾಗ್ ಬಿಸಿಲಿಗೆ ಪೆಳಸಾಗಿ ಮುರಿಯುತ್ತದೆ, ಕಪ್ಪಿನದು ತಡೆಯುತ್ತದೆ. ಆರನೇ ನಂಬರಿನ, ಅರ್ಧ ಇಂಚಿನ ಸೆಲ್ಫ್ ಟ್ಯಾಪಿಂಗ್ ಸ್ಟೇನ್‌ಲೆಸ್ ಸ್ಕ್ರೂ 15, ಅದಕ್ಕೆ 12 ಮಿ.ಮೀ. ಅಗಲದ ನೈಲಾನ್ ವಾಷರ್ 15. ಅಲ್ಯೂಮಿನಿಯಂಗೆ ಸ್ಟೀಲ್ ನೇರವಾಗಿ ತಾಗಿ ನೀರೂ ಸೇರಿದರೆ ಅಲ್ಯೂಮಿನಿಯಂ ಬಿಳಿ ಪುಡಿಯಾಗಿ ಸವೆಯುತ್ತದೆ, ಅದಕ್ಕೇ ನೈಲಾನ್. ಬಂಪರಿನ ಪುಶ್ ಕ್ಲಿಪ್‌ಗಳಲ್ಲಿ ಒಂದೆರಡು ಮುರಿಯುವುದು ಖಚಿತ, ಐದಾರು ಹೆಚ್ಚುವರಿ ಇರಲಿ.

ಹತಾರ: ತಗಡು ಕತ್ತರಿ, ಕಟಿಂಗ್ ಪ್ಲೇಯರ್, ಅರ, ಡ್ರಿಲ್ ಮತ್ತು 3 ಮಿ.ಮೀ. ಬಿಟ್, 10ನೇ ನಂಬರ್ ಸ್ಪ್ಯಾನರ್, ಸ್ಟಾರ್ ಮತ್ತು ಚಪ್ಪಟೆ ಸ್ಕ್ರೂಡ್ರೈವರ್, ಕೆಲವು ಕಾರಿಗೆ ಆರು ಮೊನೆಯ ಟಾರ್ಕ್ಸ್ ಬಿಟ್. ಮಾಸ್ಕಿಂಗ್ ಟೇಪ್, ಹಳೆ ಕಂಬಳಿ, ದಪ್ಪ ಕೈಗವಸು, ಕಣ್ಣಿಗೆ ಕನ್ನಡಕ. ಕೈಗವಸು ಇಲ್ಲದೆ ಜಾಲರಿ ಮುಟ್ಟಬೇಡಿ, ಕತ್ತರಿಸಿದ ಅಂಚು ಬ್ಲೇಡಿನಷ್ಟೇ ಹರಿತ.

ಅಳತೆ, ಆಮೇಲೆ ಬಂಪರ್ ಬಿಚ್ಚುವುದು

ಬಿಚ್ಚುವ ಮುಂಚೆಯೇ ಒಂದು ಅಳತೆ ಬೇಕು. ಗ್ರಿಲ್ ಪಟ್ಟಿಗಳ ನಡುವಿನಿಂದ ಸ್ಟೀಲ್ ಸ್ಕೇಲ್ ನಿಧಾನವಾಗಿ ತೂರಿಸಿ, ಪಟ್ಟಿಯ ಹಿಂಬದಿಯಿಂದ ಕಂಡೆನ್ಸರಿನವರೆಗೆ ಎಷ್ಟು ಅಂತರ ಇದೆ ನೋಡಿ. ಐದಾರು ಕಡೆ ನೋಡಿ, ಅತಿ ಕಡಿಮೆಯದನ್ನು ಬರೆದಿಟ್ಟುಕೊಳ್ಳಿ. ಜಾಲರಿ ಕೂತ ಮೇಲೆ ಅದಕ್ಕೂ ಕಂಡೆನ್ಸರಿಗೂ ಕನಿಷ್ಠ 25 ಮಿ.ಮೀ. ಉಳಿಯಬೇಕು. ಜಾಲರಿ ತಾಗುತ್ತಿದ್ದರೆ ಕಾರಿನ ನಡುಕಕ್ಕೆ ಅದೇ ಕೊಳವೆಯನ್ನು ಉಜ್ಜಿ ಉಜ್ಜಿ ತೂತು ಮಾಡುತ್ತದೆ. ಕಾಯಬೇಕಾದದ್ದೇ ಕೊಂದಂತಾಯಿತು.

ಎಂಜಿನ್ ಪೂರ್ತಿ ಆರಿರಲಿ, ಕೀ ಹೊರಗಿರಲಿ. ಕೆಲವು ಕಾರುಗಳಲ್ಲಿ ಕೀ ತೆಗೆದ ಮೇಲೂ ಬಿಸಿ ಇದ್ದರೆ ಫ್ಯಾನ್ ತಾನಾಗಿ ತಿರುಗುತ್ತದೆ. ಮುಂದಿನ ಕ್ರಮ ಕಾರಿನಿಂದ ಕಾರಿಗೆ ಸ್ವಲ್ಪ ಬದಲಾದರೂ ಸಾಮಾನ್ಯವಾಗಿ ಹೀಗಿರುತ್ತದೆ:

1. ಫೆಂಡರಿಗೂ (ಮುಂದಿನ ಚಕ್ರದ ಮೇಲಿನ ತಗಡು) ಬಂಪರಿಗೂ ನಡುವಿನ ಗೆರೆಯುದ್ದಕ್ಕೂ ಎರಡೂ ಕಡೆ ಮಾಸ್ಕಿಂಗ್ ಟೇಪ್ ಅಂಟಿಸಿ. ಬಣ್ಣ ಗೀರುವುದು ಇಲ್ಲೇ.

2. ಬಾನೆಟ್ ಎತ್ತಿ, ಬಂಪರಿನ ಮೇಲಂಚಿನ ಕ್ಲಿಪ್ ಮತ್ತು ಬೋಲ್ಟ್ ತೆಗೆಯಿರಿ. ಕ್ಲಿಪ್ಪಿನ ನಡುವಿನ ಗುಬ್ಬಿಯನ್ನು ಕೆಲವದರಲ್ಲಿ ಮೇಲೆತ್ತಬೇಕು, ಕೆಲವದರಲ್ಲಿ ಒಳಗೊತ್ತಬೇಕು. ಬಲ ಹಾಕುವ ಮೊದಲು ಯಾವುದೆಂದು ನೋಡಿ.

3. ಸ್ಟೀರಿಂಗನ್ನು ಒಂದು ಬದಿಗೆ ಪೂರ್ತಿ ತಿರುಗಿಸಿಟ್ಟರೆ ಚಕ್ರದ ಗೂಡಿನೊಳಗೆ ಕೈ ಹೋಗುತ್ತದೆ. ಫೆಂಡರ್ ಮತ್ತು ಬಂಪರ್ ಸೇರುವ ಮೂಲೆಯಲ್ಲಿ ಕೆಳಗಿನಿಂದ ಮೇಲಕ್ಕೆ ಹೋದ ಸ್ಕ್ರೂ ಒಂದಿರುತ್ತದೆ. ಅದು ಕಣ್ಣಿಗೆ ಬೀಳದೆ ಬಂಪರ್ ಎಳೆದು ಮೂಲೆ ಮುರಿದುಕೊಳ್ಳುವವರು ಬಹಳ. ಕೀ ಹಾಕಿ ಸ್ಟೀರಿಂಗ್ ತಿರುಗಿಸಿದ್ದರೆ ಮತ್ತೆ ಹೊರತೆಗೆಯಿರಿ.

4. ತಳದ ಬೋಲ್ಟ್‌ಗಳನ್ನು ಕೊನೆಗೆ ಬಿಚ್ಚಿ.

5. ಒಬ್ಬೊಬ್ಬರು ಒಂದೊಂದು ತುದಿ ಹಿಡಿದು, ಮೊದಲು ಪಕ್ಕಕ್ಕೆ ಎಳೆದು ಲಾಕ್ ಬಿಡಿಸಿ, ಆಮೇಲೆ ಮುಂದಕ್ಕೆ ತನ್ನಿ. ನೇರ ಮುಂದಕ್ಕೆ ಎಳೆದರೆ ಹೆಡ್‌ಲೈಟಿನ ಕೆಳಗಿನ ಬ್ರ್ಯಾಕೆಟ್ ಒಡೆಯುತ್ತದೆ.

6. ಗೇಣುದ್ದ ಬಂದಾಗ ನಿಲ್ಲಿಸಿ, ಫಾಗ್ ಲ್ಯಾಂಪ್ ಮತ್ತು ಸೆನ್ಸರ್‌ಗಳ ಕನೆಕ್ಟರ್ ಬಿಡಿಸಿ. ವೈರಿನಲ್ಲಿ ಬಂಪರ್ ತೂಗಾಡಕೂಡದು. ಇವು ಬಿಚ್ಚಿರುವಾಗ ಕೀ ಆನ್ ಮಾಡಬೇಡಿ, ಕೆಲವು ಕಾರುಗಳಲ್ಲಿ ಎಚ್ಚರಿಕೆ ದೀಪ ಹತ್ತಿ ಕೂರುತ್ತದೆ.

ರೇಡಿಯೇಟರ್ ಸುತ್ತಲಿನ ಚೌಕಟ್ಟಿನ ಮೇಲೆ ಏರ್‌ಬ್ಯಾಗಿನ ಸೆನ್ಸರ್ ಇರಬಹುದು. ಅದರ ಬಳಿ ಸುತ್ತಿಗೆಯೂ ಬೇಡ, ಡ್ರಿಲ್ಲೂ ಬೇಡ.

ಬಂಪರನ್ನು ಕಂಬಳಿಯ ಮೇಲೆ ಬಣ್ಣದ ಮೈ ಕೆಳಗಾಗಿ ಮಲಗಿಸಿ. ಹಳೆಯ ರಟ್ಟನ್ನು ಬಾಯಿಯ ಹಿಂಬದಿಗೆ ಒತ್ತಿ ಪೆನ್ಸಿಲಿನಲ್ಲಿ ಅಂಚು ಗುರುತಿಸಿ, ಸುತ್ತ 20 ಮಿ.ಮೀ. ಹೆಚ್ಚು ಬಿಟ್ಟು ಕತ್ತರಿಸಿ. ನೇಯ್ಗೆ ಜಾಲರಿಯಾದರೆ ಮಡಚಲು ಇನ್ನೂ 10 ಮಿ.ಮೀ. ಸೇರಿಸಿ. ಟೋಯಿಂಗ್ ತೂತು, ಒಳಗಿನ ಪಕ್ಕೆಲುಬುಗಳು, ಹಾರನ್ ತಾಗುವ ಜಾಗ ಎಲ್ಲವನ್ನೂ ರಟ್ಟಿನಲ್ಲೇ ಬಿಡಿಸಿಕೊಳ್ಳಿ. ರಟ್ಟು ಮೂರು ಸಲ ಹಾಳಾದರೂ ಚಿಂತೆಯಿಲ್ಲ, ಜಾಲರಿ ಹಾಗಲ್ಲ.

ಕತ್ತರಿಸಿ ಆಕಾರಕ್ಕೆ ತರುವುದು

ಹಿಗ್ಗಿಸಿದ ಜಾಲರಿಗೆ ದಿಕ್ಕು ಇದೆ. ಅದರ ಎಳೆಗಳು ಚಪ್ಪಟೆಯಾಗಿರದೆ ಓರೆಯಾಗಿರುತ್ತವೆ. ಕಣ್ಣಿನ ಎತ್ತರಕ್ಕೆ ಹಿಡಿದು ತಿರುಗಿಸಿದರೆ ಒಂದು ಕಡೆಯಿಂದ ತೆರೆದಂತೆ, ಇನ್ನೊಂದು ಕಡೆಯಿಂದ ಮುಚ್ಚಿದಂತೆ ಕಾಣುತ್ತದೆ. ವಜ್ರದ ಉದ್ದ ಅಡ್ಡಕ್ಕೆ ಬರಲಿ, ಎದುರಿನಿಂದ ನೇರ ನೋಡಿದಾಗ ಹೆಚ್ಚು ತೆರೆದು ಕಾಣುವಂತಿರಲಿ. ಎರಡು ತುಂಡು ಹಾಕುವುದಾದರೆ ಎರಡರ ದಿಕ್ಕೂ ಒಂದೇ ಇರಬೇಕು, ಇಲ್ಲದಿದ್ದರೆ ಬಿಸಿಲಿನಲ್ಲಿ ಒಂದು ಕಪ್ಪು ಒಂದು ಬೂದಿಯಾಗಿ ಕಾಣುತ್ತದೆ.

ರಟ್ಟನ್ನು ಟೇಪಿನಿಂದ ಜಾಲರಿಗೆ ಅಂಟಿಸಿ, ಎಳೆಗಳು ಕೂಡುವ ಗಂಟಿನಲ್ಲೇ ಕತ್ತರಿಸುತ್ತ ಹೋಗಿ. ಎರಡು ಗಂಟುಗಳ ನಡುವಿನ ಎಳೆಯಲ್ಲಿ ಕತ್ತರಿಸಿದರೆ ಮುಳ್ಳುಗಳು ಉಳಿಯುತ್ತವೆ. ಅಂಚನ್ನು ಅರದಿಂದ ಉಜ್ಜಿ ನಯ ಮಾಡಿ. ನೇಯ್ಗೆ ಜಾಲರಿಯ ಅಂಚನ್ನು ಎರಡು ಮರದ ರೀಪುಗಳ ನಡುವೆ ಬಿಗಿಹಿಡಿದು 10 ಮಿ.ಮೀ. ಮಡಚಿ ಬಡಿಯಿರಿ, ಆಗ ತಂತಿ ಉದುರುವುದಿಲ್ಲ.

ಬಂಪರ್ ಎಂದೂ ಚಪ್ಪಟೆ ಇರುವುದಿಲ್ಲ. ಜಾಲರಿಯನ್ನು ನಡುವಿನಿಂದ ಶುರು ಮಾಡಿ, ಎರಡೂ ತುದಿಗೆ ಅಂಗೈಯಿಂದ ಒತ್ತುತ್ತ ಬಾಗಿಸಿ. ಮೂಲೆಯಲ್ಲಿ ಸುಕ್ಕು ಬಂದರೆ ಅಂಚಿಗೆ ‘ವಿ’ ಆಕಾರದ ಕಚ್ಚು ಕೊಡಿ. ಕೈ ತೆಗೆದಾಗಲೂ ಜಾಲರಿ ತಾನಾಗಿ ಬಾಯಿಗೆ ಕೂತಿರಬೇಕು. ಸ್ಕ್ರೂ ಬಿಗಿಯಾಗಿ ಎಳೆದು ಕೂರಿಸುತ್ತದೆ ಎಂದು ನಂಬಿದರೆ ಆ ಎಳೆತವೆಲ್ಲ ಪ್ಲಾಸ್ಟಿಕ್ಕಿನ ಮೇಲೆ ಬಿದ್ದು, ಬಿಸಿಲಿಗೆ ಗ್ರಿಲ್ ಪಟ್ಟಿ ಸೊಟ್ಟಗಾಗುತ್ತದೆ.

ಬಣ್ಣ ಬೇಕಿದ್ದರೆ ಈಗಲೇ. ಸ್ಟೇನ್‌ಲೆಸ್ ಮೇಲೆ ಬಣ್ಣ ನೇರವಾಗಿ ನಿಲ್ಲುವುದಿಲ್ಲ. 400 ನಂಬರಿನ ಎಮರಿ ಪೇಪರಿನಿಂದ ಉಜ್ಜಿ, ಥಿನ್ನರಿನಲ್ಲಿ ಒರೆಸಿ, ಲೋಹವನ್ನು ಕಚ್ಚಿ ಹಿಡಿಯುವ ಎಚ್ (etch) ಪ್ರೈಮರ್ ಕೊಟ್ಟು, ಮ್ಯಾಟ್ ಕಪ್ಪಿನ ಎರಡು ಮೂರು ತೆಳು ಕೋಟ್ ಹೊಡೆಯಿರಿ. ಸ್ಪ್ರೇ ಓರೆಯಾಗಿ, ಎರಡೂ ಬದಿಯಿಂದ. ಒಂದೇ ಸಲ ದಪ್ಪಗೆ ಹೊಡೆದರೆ ಬಣ್ಣವೇ ತೂತುಗಳನ್ನು ಮುಚ್ಚುತ್ತದೆ. ಜೂನ್‌ನಿಂದ ಸೆಪ್ಟೆಂಬರಿನ ತೇವದಲ್ಲಿ ಒಂದು ದಿನ ಪೂರ್ತಿ ಒಣಗಲು ಬಿಡಿ.

ಕೂರಿಸುವುದು, ಅಂಟು ಏಕೆ ಬೇಡ

ಬಂಪರಿನ ಒಳಮೈಯಲ್ಲಿ ಪ್ಲಾಸ್ಟಿಕ್ಕಿನ ಹೆಸರು ಅಚ್ಚಾಗಿರುತ್ತದೆ. ಬಹುತೇಕ ಅದು ಪಿಪಿ ಅಥವಾ ಪಿಪಿ ಜೊತೆ ಇಪಿಡಿಎಂ (ಒಂದು ಬಗೆಯ ರಬ್ಬರ್) ಎಂದಿರುತ್ತದೆ. ಪಿಪಿ ಎಂದರೆ ಪಾಲಿಪ್ರೊಪಿಲೀನ್, ಮೈಗೆ ಏನೂ ಅಂಟಿಸಿಕೊಳ್ಳದ ಪ್ಲಾಸ್ಟಿಕ್. ಅರಾಲ್ಡೈಟ್ ಹಚ್ಚಿದರೆ ಕಲ್ಲಿನಂತೆ ಗಟ್ಟಿಯಾಗುತ್ತದೆ, ಸರಿಹೋಯಿತು ಎನಿಸುತ್ತದೆ, ಕೆಲವು ವಾರಗಳ ನಡುಕ ಮತ್ತು ಬಿಸಿಲಿನ ಮೇಲೆ ಚಕ್ಕೆಯಾಗಿ ಇಡಿಯಾಗಿ ಕಳಚುತ್ತದೆ. ಹಾಟ್ ಗ್ಲೂ ರೇಡಿಯೇಟರಿನ ಬಿಸಿಗೇ ಮೆತ್ತಗಾಗುತ್ತದೆ. ವಿನೆಗರ್ ವಾಸನೆಯ ಸಿಲಿಕೋನ್ ಲೋಹವನ್ನು ತಿನ್ನುತ್ತದೆ. ಕಳಚಿದ ಜಾಲರಿ ಬೀಳುವುದು ಕಂಡೆನ್ಸರಿನ ಮೇಲೆಯೇ. ಆದ್ದರಿಂದ ಹಿಡಿತ ಟ್ಯಾಗಿನದ್ದೋ ಸ್ಕ್ರೂವಿನದ್ದೋ ಆಗಿರಬೇಕು. ಗಲಗಲ ಸದ್ದು ತಪ್ಪಿಸಲು ವಿನೆಗರ್ ವಾಸನೆಯಿಲ್ಲದ ನ್ಯೂಟ್ರಲ್ ಸಿಲಿಕೋನನ್ನು ಅಲ್ಲಲ್ಲಿ ಚುಕ್ಕೆಯಾಗಿ ಇಡಬಹುದು, ಅಷ್ಟೇ.

ಗ್ರಿಲ್ಲಿಗೆ ಅಡ್ಡ ಪಟ್ಟಿಗಳಿದ್ದರೆ ಟ್ಯಾಗ್ ಎಲ್ಲಕ್ಕಿಂತ ಒಳ್ಳೆಯದು. ಹಿಂದಿನಿಂದ ತೂರಿಸಿ, ಪಟ್ಟಿಯನ್ನು ಬಳಸಿ, ಮತ್ತೆ ಹಿಂದಕ್ಕೆ ತಂದು, ತಲೆ ಒಳಬದಿಗೆ ಬರುವಂತೆ ಬಿಗಿಯಿರಿ. 8ರಿಂದ 10 ಸೆಂ.ಮೀ.ಗೆ ಒಂದರಂತೆ. ಮೊದಲು ನಾಲ್ಕು ಮೂಲೆ, ಆಮೇಲೆ ನಡು, ಕೊನೆಗೆ ಉಳಿದದ್ದು. ಪಟ್ಟಿ ಬಾಗುವಷ್ಟು ಬಿಗಿಯಬೇಡಿ. ಬಾಲವನ್ನು ಬುಡಕ್ಕೆ ಕತ್ತರಿಸಿ. ನಾಳೆ ಜಾಲರಿ ಬೇಡವೆನಿಸಿದರೂ ಬಂಪರಿನಲ್ಲಿ ಒಂದು ತೂತೂ ಉಳಿಯುವುದಿಲ್ಲ.

ಪಟ್ಟಿಯೇ ಇಲ್ಲದ ಬಾಯಿಗೆ ಸ್ಕ್ರೂ ಬೇಕು. ಬಣ್ಣದ ಹೊರಮೈಯ ಗೋಡೆ 3 ಮಿ.ಮೀ.ಯ ಆಸುಪಾಸು ಮಾತ್ರ, ಅದಕ್ಕೆ ಸ್ಕ್ರೂ ಹಾಕಿದರೆ ತುದಿ ಹೊರಗೆ ಬರುತ್ತದೆ. ಬಾಯಿಯ ಸುತ್ತ ಒಳಕ್ಕೆ ತಿರುಗಿದ ಅಂಚು ಅಥವಾ ಪಕ್ಕೆಲುಬು ಹುಡುಕಿ, ಅಲ್ಲಿ 15ರಿಂದ 18 ಸೆಂ.ಮೀ.ಗೆ ಒಂದರಂತೆ ತೂತು ಹಾಕಿ. ಬಿಟ್ಟಿಗೆ ಟೇಪ್ ಸುತ್ತಿ ಆಳ ಗುರುತಿಸಿಕೊಳ್ಳಿ. ಡ್ರಿಲ್ ನಿಧಾನಕ್ಕಿರಲಿ, ವೇಗವಾದರೆ ಪ್ಲಾಸ್ಟಿಕ್ ಕರಗಿ ಬಿಟ್ಟಿಗೆ ಸುತ್ತಿಕೊಂಡು ತೂತು ದೊಡ್ಡದಾಗುತ್ತದೆ. ಸ್ಕ್ರೂವನ್ನು ಕೈಯಲ್ಲೇ ಬಿಗಿಯಿರಿ, ವಾಷರ್ ತಿರುಗುವುದು ನಿಂತರೆ ಸಾಕು.

ಸೋಲ್ಡರಿಂಗ್ ಐರನ್ನಿನಿಂದ ಜಾಲರಿಯ ಅಂಚನ್ನು ಪ್ಲಾಸ್ಟಿಕ್ಕಿಗೆ ಮುಳುಗಿಸುವ ಮೂರನೆಯ ದಾರಿಯೂ ಇದೆ. ಪಿಪಿ ಸುಮಾರು 160 ಡಿಗ್ರಿಗೆ ಕರಗುತ್ತದೆ, ಐರನ್ ಅದಕ್ಕಿಂತ ಎಷ್ಟೋ ಬಿಸಿ. ಒಂದು ಕ್ಷಣ ಹೆಚ್ಚಾದರೂ ಆ ಕಡೆಯ ಬಣ್ಣದ ಮೈಯಲ್ಲಿ ಕುಳಿ ಬೀಳುತ್ತದೆ. ಮೇಲೆ ತುಂಬಲು ಕೆಲವರು ಕೇಬಲ್ ಟೈ ಕರಗಿಸುತ್ತಾರೆ. ಟೈ ನೈಲಾನಿನದು, ಪಿಪಿ ಜೊತೆ ಬೆಸೆಯುವುದಿಲ್ಲ, ಪಿಪಿ ಕಡ್ಡಿಯೇ ಬೇಕು. ಹಾಳು ಬಂಪರಿನ ಮೇಲೆ ಕೈ ಪಳಗಿಸಿಕೊಳ್ಳದೆ ಈ ದಾರಿ ಹಿಡಿಯಬೇಡಿ.

ಮತ್ತೆ ಕೂರಿಸಿ ಪರೀಕ್ಷೆ

ಬಂಪರ್ ಹಾಕುವುದು ಬಿಚ್ಚಿದ್ದರ ತಿರುವು ಕ್ರಮ: ಮೊದಲು ಕನೆಕ್ಟರ್, ಆಮೇಲೆ ಪಕ್ಕದ ಲಾಕ್, ಕೊನೆಗೆ ಬೋಲ್ಟ್. ಎಲ್ಲವನ್ನೂ ಅರ್ಧರ್ಧ ಬಿಗಿದು, ಫೆಂಡರಿನ ಸಂದು ಎರಡೂ ಕಡೆ ಸಮ ಇದೆಯೇ ನೋಡಿ, ನಂತರ ಪೂರ್ತಿ ಬಿಗಿಯಿರಿ. ಫಾಗ್ ಲ್ಯಾಂಪ್, ಹಾರನ್, ಸೆನ್ಸರ್ ಕೆಲಸ ಮಾಡುತ್ತಿವೆಯೇ ನೋಡಿ. ಅಂಗೈಯಿಂದ ಜಾಲರಿಯನ್ನು ತಟ್ಟಿ, ಗಲಗಲ ಎಂದರೆ ಅಲ್ಲಿ ಇನ್ನೊಂದು ಟ್ಯಾಗ್ ಬೇಕು.

ಗಾಳಿಯ ಪರೀಕ್ಷೆಗೆ ಜಾಲರಿ ಹಾಕುವ ಮುಂಚಿನ ಲೆಕ್ಕ ಕೈಯಲ್ಲಿರಬೇಕು. ಮಧ್ಯಾಹ್ನ ನೆರಳಲ್ಲಿ ಕಾರು ನಿಲ್ಲಿಸಿ, ಎ.ಸಿ. ಪೂರ್ತಿ ಇಟ್ಟು ಹದಿನೈದು ನಿಮಿಷ ಐಡಲ್ ಬಿಟ್ಟು, ನಡುವಿನ ವೆಂಟಿನಲ್ಲಿ ಥರ್ಮಾಮೀಟರ್ ಇಟ್ಟು ನೋಡಿ. ಕಾರಿನ ಕಂಪ್ಯೂಟರಿನ ಮಾಹಿತಿ ಓದುವ ಒಬಿಡಿ ಸ್ಕ್ಯಾನರ್ ಇದ್ದರೆ ಕೂಲೆಂಟಿನ ತಾಪವನ್ನೂ ಬರೆದುಕೊಳ್ಳಿ. ಹಾಕಿದ ಮೇಲೆ ಅದೇ ಹೊತ್ತು, ಅದೇ ಜಾಗದಲ್ಲಿ ಮತ್ತೆ ನೋಡಿ. ಒಂದೆರಡು ಡಿಗ್ರಿ ವ್ಯತ್ಯಾಸ ಹವೆಯದ್ದೇ ಇರಬಹುದು. ಅದಕ್ಕಿಂತ ಹೆಚ್ಚಾದರೆ ಅಥವಾ ಫ್ಯಾನ್ ನಿಲ್ಲದೆ ಓಡುತ್ತಿದ್ದರೆ ತೂತು ಚಿಕ್ಕದಾಯಿತು ಎಂದರ್ಥ.

ನಿಂತಲ್ಲಿ ಗಾಳಿ ಎಳೆಯುವುದು ಫ್ಯಾನ್, ಹೆದ್ದಾರಿಯಲ್ಲಿ ಕಾರಿನ ಓಟವೇ ಗಾಳಿ ನುಗ್ಗಿಸುತ್ತದೆ. ಕಷ್ಟವಾಗುವುದು ಇವೆರಡರ ನಡುವೆ: ತುಂಬಿದ ಕಾರು, ಎರಡನೇ ಗೇರ್, ಏರು ದಾರಿ. ಸಿಲ್ಕ್ ಬೋರ್ಡಿನ ಟ್ರಾಫಿಕ್ಕಿನಲ್ಲಿ ಒಮ್ಮೆ, ನಂದಿ ಬೆಟ್ಟದ ತಿರುವುಗಳಲ್ಲಿ ಒಮ್ಮೆ ಎ.ಸಿ. ಹಾಕಿಕೊಂಡು ಹೋಗಿ ತಾಪದ ಮುಳ್ಳು ನೋಡಿ. ಎಂದಿನ ಜಾಗ ಬಿಟ್ಟು ಮೇಲೇರಿದರೆ ಎ.ಸಿ. ಆರಿಸಿ, ಕಾರು ಪಕ್ಕಕ್ಕೆ ಹಾಕಿ. ಮನೆಗೆ ಬಂದು ಜಾಲರಿ ತೆಗೆದು ದೊಡ್ಡ ತೂತಿನದು ಹಾಕಿ. ಶಿರಾಡಿ, ಚಾರ್ಮಾಡಿ ಘಾಟಿಗೆ ಹೋಗುವುದು ಈ ಪರೀಕ್ಷೆ ಮುಗಿದ ಮೇಲೆಯೇ.

ಮೊದಲ 500 ಕಿ.ಮೀ. ಆದ ಮೇಲೆ ಟಾರ್ಚ್ ಹಾಕಿ ಪ್ರತಿ ಟ್ಯಾಗ್ ನೋಡಿ, ಕಂಡೆನ್ಸರಿನ ಮೇಲೆ ಉಜ್ಜಿದ ಹೊಳಪಿನ ಗೆರೆ ಇದೆಯೇ ನೋಡಿ. ಆಮೇಲೆ ತಿಂಗಳಿಗೊಮ್ಮೆ ಸಾಕು. ಟಬೆಬುಯಾ ಮರದ ಹೂವು ಉದುರುವ ದಿನಗಳಲ್ಲಿ ಅದರಡಿ ಕಾರು ನಿಲ್ಲಿಸುವವರು ವಾರಕ್ಕೊಮ್ಮೆ ಜಾಲರಿಯ ಮೇಲಿನ ಹೂವು, ಎಲೆ ತೆಗೆಯಿರಿ. ತೊಳೆಯುವಾಗ ಮೆತ್ತನೆಯ ಬ್ರಶ್ಶು, ಸಾದಾ ಪೈಪಿನ ನೀರು. ವಾಟರ್ ಸರ್ವಿಸ್‌ನವರ ಪ್ರೆಶರ್ ಗನ್ ಹತ್ತಿರದಿಂದ ಹೊಡೆದರೆ ಕಂಡೆನ್ಸರಿನ ರೆಕ್ಕೆಗಳು ಮಲಗಿಬಿಡುತ್ತವೆ. ಎರಡಡಿ ದೂರದಿಂದ, ಓರೆಯಾಗಿಸದೆ ನೇರವಾಗಿ ಹಿಡಿಯಲು ಅವರಿಗೆ ಮೊದಲೇ ಹೇಳಿಬಿಡಿ.